ಎರಡು ತುಂಡು ಪಾಸ್‌ವರ್ಡ್

ಆಫೀಸಿನ ಹಳೆಯ ಯುನಿಕ್ಸ್ ಕಂಪ್ಯೂಟರ್ ಯಂತ್ರದ ಡಿಸ್ಕನ್ನು, ಪಾಸ್‌ವರ್ಡಿಲ್ಲದೆ ಯಾರೂ ಓದಲಾಗದಂತೆ ಪೂರ್ತಿ ಎನ್‌ಕ್ರಿಪ್ಟ್ ಮಾಡಿಟ್ಟಿದ್ದರು. ಯಂತ್ರ ಶುರುಮಾಡಿದಾಗಲೆಲ್ಲ ಪಾಸ್‌ವರ್ಡಿನ ಮೊದಲರ್ಧವನ್ನು ಅವಳಿಗೆ ಕೆಲಸ ಕಲಿಸಿದ ಮೇಷ್ಟ್ರು ಒತ್ತಬೇಕು, ಉಳಿದರ್ಧವನ್ನು ಅವಳು. ಒಬ್ಬರು ಒತ್ತುವಾಗ ಇನ್ನೊಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹನ್ನೊಂದು ವರ್ಷ ಹಾಗೆ ನಿಂತು ನಿಂತು ಆ ಗೋಡೆಯ ಒಂದೊಂದು ಬಿರುಕೂ ಅವಳಿಗೆ ಬಾಯಿಪಾಠವಾಗಿತ್ತು.

ಈಗ ಮೇಷ್ಟ್ರಿಲ್ಲ. ಆ ಯಂತ್ರದಲ್ಲಿದ್ದ ಯಾವುದೋ ಹಳೆಯ ಕಡತ ಬೇಕೆಂದು, ನಿವೃತ್ತಳಾಗಿದ್ದ ಅವಳನ್ನು ಕರೆಸಿದ್ದರು. ಜಂಬದಿಂದಲೇ ಬಂದು ಕೂತಳು. ಆದರೆ ತನ್ನರ್ಧ ಏನು ಮಾಡಿದರೂ ನೆನಪಾಗಲಿಲ್ಲ. ಮುಖ ಸಪ್ಪಗಾಯಿತು.

"ಮೇಷ್ಟ್ರ ಅರ್ಧ ಈ ಲಕೋಟೇಲಿದೆ ಮೇಡಂ," ಎನ್ನುತ್ತ ಹೊಸ ಮ್ಯಾನೇಜರ್ ಅದನ್ನು ಒಡೆದ. "ಇದೇನು, ಎರಡು ಸಾಲಿದೆಯಲ್ಲ?"

ಮೊದಲನೆಯದು ಮೇಷ್ಟ್ರದು. ಎರಡನೆಯದು ಅವಳದೇ. ಕೆಳಗೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: "ಇವಳು ಮರೀತಾಳೆ, ನಂಗೊತ್ತು."

ಮ್ಯಾನೇಜರ್ ಒತ್ತಲು ಕೂತ. ಅವಳ ಕಾಲು ತಾನಾಗಿಯೇ ಗೋಡೆಯ ಕಡೆ ತಿರುಗಿತು. ಬಿರುಕುಗಳೆಲ್ಲ ಇದ್ದಲ್ಲೇ ಇದ್ದವು.

"ಕಳ್ಳ ಮೇಷ್ಟ್ರೇ," ಎಂದಳು ಮೆಲ್ಲಗೆ, "ಇಷ್ಟು ವರ್ಷ ಗೋಡೆ ನೋಡ್ತಾ ನಿಂತಿದ್ದು ನಾನೊಬ್ಳೇನಾ?"