ಯಾವುದಾದರೊಂದು ಗಾಳಿ

ನೀರು ಕುದಿಯುವುದಕ್ಕೆ ಸ್ವಲ್ಪ ಮುಂಚೆ ಪಾತ್ರೆಯ ತಳದಲ್ಲಿ ಒಂದು ಸದ್ದು ಹುಟ್ಟುತ್ತದೆ, ಮರಳಿನ ಮೇಲೆ ಯಾರೋ ಚಾಪೆ ಎಳೆದಂತೆ, ಆಮೇಲೆ ಅದು ನಿಂತು ಗುಳುಗುಳು ಶುರುವಾಗುತ್ತದೆ, ಎರಡರ ನಡುವೆ ಒಂದೇ ಒಂದು ಕ್ಷಣ ಪಾತ್ರೆ ಉಸಿರು ಹಿಡಿಯುತ್ತದೆ, ಅದನ್ನು ಕೇಳಿಸಿಕೊಳ್ಳೋಣವೆಂದರೆ — ಎಲ್ಲಿ, ಹಾಲ್‌ನಿಂದ ಡ್ರಮ್ಮು, ಶುಕ್ರವಾರದಿಂದ ಅದೇ ಡ್ರಮ್ಮು, ತಮ್ಮ ಆಡಿಸುವ ಆ ವೀರ ಕಾಡಿಗೆ ಹೊಕ್ಕರೂ ಡ್ರಮ್ಮು, ಊರಿಗೆ ಬಂದರೂ ಡ್ರಮ್ಮು, ಬಾವಿಕಟ್ಟೆಯ ಮೇಲೆ ಕೂತು ಬ್ರೆಡ್ಡು ತಿಂದರೂ ಡ್ರಮ್ಮು. ಭಾನುವಾರ ಹತ್ತೂವರೆ, ಎರಡು ಲೋಟ ಚಹಾ, ಅವನಿಗೆ ಸಕ್ಕರೆ ಒಂದೂವರೆ ಚಮಚ, ಕೇಳಬೇಕಿಲ್ಲ. ಮೊನ್ನೆ ಬಾಗಿಲು ತೆಗೆದರೆ ಕಂಕುಳಲ್ಲಿ ಆಟದ ಕಪ್ಪು ಡಬ್ಬಿ, ಹೆಗಲಿಗೆ ಬಟ್ಟೆಯ ಚೀಲ, ಅಕ್ಕ, ನಿನ್ನ ಟೀವಿ ದೊಡ್ಡದು, ಮೂರು ದಿನ ರಜೆ ಹಾಕಿದೀನಿ, ಇಲ್ಲೇ ಇರ್ತೀನಿ, ಊಟಕ್ಕೆ ಏನಿದ್ರೂ ನಡಿಯುತ್ತೆ. ಮೂವತ್ತೈದು ದಾಟಿದ ಗಂಡಸು, ಲಿಫ್ಟ್ ಮೆಕ್ಯಾನಿಕ್ಕು, ಹದಿನೆಂಟು ಕಟ್ಟಡಗಳ ಲಿಫ್ಟು ಇವನೊಬ್ಬನ ತಲೆಯ ಮೇಲೆ, ಮೈ ಬಿಸಿಯಾದರೂ ರಜೆ ಹಾಕದವನು, ‘ಏಳು ಗಾಳಿಗಳ ನಾಡು’ ಬಿಡುಗಡೆಯಾಗುತ್ತದೆಂದು ಮೂರು ದಿನ ರಜೆ. ಆರು ವರ್ಷ ಕಾದಿದ್ದಾನೆ, ಮೂರು ಸಲ ದಿನಾಂಕ ಮುಂದೆ ಹೋದಾಗಲೂ ಕಾದಿದ್ದಾನೆ. ಆ ಆಟವನ್ನು ಮಾಡಿದವರಲ್ಲಿ ನಾನೂ ಒಬ್ಬಳಾಗಿದ್ದೆ ಎಂಬ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಊಟಕ್ಕೆ ಕೂತರೆ ಉಪ್ಪು ಈ ಕಡೆ ಸರಿಸು, ನೀರು ಬೇಕಾ, ಅಷ್ಟೇ. ಆದರೆ ಅವನು ಯಾವುದಕ್ಕಾಗಿ ಕಾಯುತ್ತಿದ್ದಾನೆ ಅಂತ ನನಗೆ ಗೊತ್ತು, ಅದು ಸಿಗುವುದಿಲ್ಲ ಅಂತಲೂ ಗೊತ್ತು, ನಾಲ್ಕು ವರ್ಷದಿಂದ ಗೊತ್ತು, ಬಾಯಿಗೆ ಬೀಗ ಹಾಕಿಕೊಂಡು ಚಹಾ ಸೋಸುತ್ತಿದ್ದೇನೆ.

ಅವನ ಗಾಳಿ. ಆಟದ ಕಂಪನಿಯಲ್ಲಿ ನನ್ನನ್ನು ಕಿವಿ ಎಂದು ಕರೆಯುತ್ತಿದ್ದರು, ಹೆಸರೇ ಮರೆತುಹೋಗುವಷ್ಟು, ಕಿವಿ ಬಂದಳಾ, ಕಿವಿಗೆ ಹೇಳಿ — ಆಟದಲ್ಲಿ ಬಾಗಿಲು ಕಿರುಗುಟ್ಟಿದರೆ, ಕತ್ತಿ ಒರೆಯಿಂದ ಹೊರಬಂದರೆ, ಕೆಸರಿನಲ್ಲಿ ಕಾಲು ಹೂತರೆ, ಆ ಸದ್ದನ್ನು ಎಲ್ಲಿಂದಾದರೂ ಹುಡುಕಿ ತರುವುದು ನನ್ನ ಕೆಲಸ, ಎಲೆಕೋಸು ಸೀಳಿ ತಲೆಬುರುಡೆ ಒಡೆದಿದ್ದೇನೆ, ಹಳೆಯ ತೊಗಲು ಚೀಲ ಕೊಡವಿ ಡ್ರ್ಯಾಗನ್ ಹಾರಿಸಿದ್ದೇನೆ. ಆಮೇಲೆ ಮಹಾಪ್ರಭು — ಆಟದ ಮುಖ್ಯಸ್ಥನಿಗೆ ಅವನ ಬೆನ್ನ ಹಿಂದೆ ನಾವಿಟ್ಟ ಹೆಸರು — ಒಂದು ದಿನ ಮೇಜು ತಟ್ಟಿ, ಏಳು ಸಾಮ್ರಾಜ್ಯ, ಒಂದೊಂದಕ್ಕೂ ಅದರದ್ದೇ ಗಾಳಿ ಇರ್ಬೇಕು, ಕಣ್ಣು ಮುಚ್ಚಿ ಕೂತವನಿಗೂ ತಾನು ಎಲ್ಲಿದೀನಿ ಅಂತ ಗೊತ್ತಾಗ್ಬೇಕು, ಕಿವಿ ಅವ್ರೇ, ಇದು ನಿಮ್ಮ ಜವಾಬ್ದಾರಿ. ಎಂಥ ಮಾತು, ಆ ಮಾತಿಗಾಗಿ ನಾನು ಒಂದೂವರೆ ವರ್ಷ ಬದುಕಿದೆ, ಮೈಯೆಲ್ಲ ಕಿವಿಯಾಗಿ ಸೇತುವೆಯ ಕೆಳಗೆ, ಪಾಳು ಕಾರ್ಖಾನೆಯಲ್ಲಿ, ಜೋಳದ ಹೊಲದಲ್ಲಿ, ಆರು ಗಾಳಿ ಸಿಕ್ಕವು, ಉತ್ತರದ್ದು ಸಿಗಲಿಲ್ಲ, ಹಿಮದ ನಾಡಿನ ಗಾಳಿ, ಬರೀ ಜೋರಾಗಿದ್ದರೆ ಸಾಲದು, ಅದಕ್ಕೊಂದು ಹಸಿವು ಇರಬೇಕು. ಅಳುವಂತಾಗಿ ತಮ್ಮನ ಹತ್ತಿರ ಹೇಳಿಕೊಂಡರೆ ಅವನು ಅನ್ನದ ಕೈಯಲ್ಲೇ, ಅಕ್ಕ, ನಮ್ಮ ಲಿಫ್ಟ್ ಶಾಫ್ಟಲ್ಲಿ ಒಂದಿದೆ, ಬರ್ತೀಯಾ. ಹದಿನಾಲ್ಕು ಮಹಡಿ, ತುದಿಯಲ್ಲಿ ಮೋಟಾರಿನ ಕೋಣೆ, ಗ್ರೀಸಿನ ವಾಸನೆ, ನೆಲದಲ್ಲಿ ಉಕ್ಕಿನ ಹಗ್ಗಗಳು ಇಳಿಯುವ ಕಿಂಡಿ, ಅದರಾಚೆ ಲಿಫ್ಟು ಓಡಾಡುವ ಉದ್ದನೆಯ ಕತ್ತಲು, ಅವನು ಲಿಫ್ಟನ್ನು ಕೆಳಗಿಂದ ಮೇಲಕ್ಕೆ ಬಿಟ್ಟ, ಅದು ತನ್ನ ಮುಂದಿದ್ದ ಗಾಳಿಯನ್ನೆಲ್ಲ ತಳ್ಳಿಕೊಂಡು ಏರಿಬಂತು, ಹದಿನಾಲ್ಕು ಬಾಗಿಲುಗಳ ಸಂದಿಯಲ್ಲೂ ನುಸುಳಿ, ನರಳಿ, ಕಿಂಡಿಯಿಂದ ನನ್ನ ಮುಖಕ್ಕೆ ಬಂತು — ಕೈಯ ಕೂದಲು ನಿಮಿರಿ ನಿಂತವು. ರೆಕಾರ್ಡರ್ ಹಿಡಿದು ಎಷ್ಟು ಸಲ ಬಿಡಿಸಿದೆನೋ, ಅವನು ಬಾಯಿಗೆ ಕರವಸ್ತ್ರ ತುರುಕಿಕೊಂಡು ಉಸಿರು ಬಿಗಿಹಿಡಿದು ಗುಂಡಿ ಒತ್ತಿದ, ಹನ್ನೆರಡನೆಯ ಸಲಕ್ಕೆ ಸೀನಿದ, ಸಾರಿ ಅಕ್ಕ, ಸೀನು ತೆಗೆದುಬಿಡು, ಇಲ್ಲಾಂದ್ರೆ ಆ ಚಳೀಲಿ ಯಾರಿಗೋ ನೆಗಡಿ ಅಂದ್ಕೋತಾರೆ, ಇಬ್ಬರೂ ಗ್ರೀಸಿನ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತಿನಿಂದ ತನ್ನ ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗಿದ, ಆ ಆಟ ಬರ್ಲಿ, ಉತ್ತರಕ್ಕೆ ಹೋಗಿ ಕೇಳಿ, ಆ ಗಾಳಿ ನಂದು.

ಚಹಾ ತಣಿಯುತ್ತದೆ, ಒಯ್ಯಬೇಕು, ಒಯ್ದೆ, ಅವನು ಪರದೆಯಿಂದ ಕಣ್ಣು ಕೀಳದೆ ಕೈ ಚಾಚಿದ, ಕಣ್ಣು ಕೆಂಪಾಗಿವೆ, ಗಡ್ಡ ಬೆಳೆದಿದೆ, ಉತ್ತರದ ಹೆಬ್ಬಾಗಿಲಿಗೆ ಇನ್ನೆಷ್ಟು ದೂರ ಎಂದು ಕೇಳದೆ ಕುರ್ಚಿಯ ತುದಿಯಲ್ಲಿ ಕೂತೆ. ನಾಲ್ಕು ವರ್ಷದ ಹಿಂದೆ ಆ ಮೀಟಿಂಗಿನಲ್ಲೂ ಹೀಗೇ ತುದಿಯಲ್ಲಿ ಕೂತಿದ್ದೆ. ಆಡೋರಿಗೆ ಗಾಳಿ ಕೇಳ್ಸಲ್ಲ, ಮಹಾಪ್ರಭು ಬಿಸ್ಕತ್ತು ಅದ್ದುತ್ತ ಹೇಳಿದ, ಅವ್ರಿಗೆ ಡ್ರಮ್ ಕೇಳ್ಸುತ್ತೆ, ಎಲ್ಲಾ ಕಡೆ ಮ್ಯೂಸಿಕ್ ಹಾಕೋಣ, ಕಿವಿ ಅವ್ರೇ ಬೇಜಾರ್ ಮಾಡ್ಕೋಬೇಡಿ, ಏಳು ಬೇಡ, ಒಂದು ಗಾಳಿ ಇಟ್ಕೊಳ್ಳೋಣ. ಯಾವುದು, ಎಂದು ಕೇಳಿದೆ. ಅವನು ನನ್ನತ್ತ ನೋಡಿದ, ಪ್ರಶ್ನೆಯೇ ಅರ್ಥವಾಗಲಿಲ್ಲವೇನೋ, ಯಾವುದಾದರೊಂದು. ಏಳನ್ನೂ ಅವನು ಕೇಳಿಯೇ ಇರಲಿಲ್ಲ, ಒಂದನ್ನೂ ಕೇಳಿರಲಿಲ್ಲ. ಕಿರುಚಲಿಲ್ಲ, ಅಳಲಿಲ್ಲ, ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ, ಧ್ವನಿಮುದ್ರಣಗಳೆಲ್ಲ ಕಂಪನಿಯ ಸ್ವತ್ತು, ಅವನ್ನೂ ಅಲ್ಲೇ ಬಿಟ್ಟು ಬಂದೆ. ತಮ್ಮನಿಗೆ ಫೋನ್ ಮಾಡಿ ಕೆಲಸ ಬಿಟ್ಟೆ ಎಂದಷ್ಟೇ ಹೇಳಿದೆ, ಯಾಕೆ ಎಂದು ಹೇಳಲಿಲ್ಲ, ನಿನ್ನ ಗಾಳಿಯನ್ನು ತೆಗೆದು ಬಿಸಾಕಿದರು ಎಂದು ಯಾವ ಬಾಯಲ್ಲಿ ಹೇಳಲಿ, ಅವನು ಸಿಟ್ಟಿನಿಂದ, ಗೊತ್ತಿತ್ತು, ನೀನು ಅರ್ಧಕ್ಕೆ ಬಿಡೋಳೇ, ಸಂಗೀತ ಅರ್ಧ, ಈಜು ಅರ್ಧ, ಮದುವೆನೂ ಅರ್ಧ. ಹೇಳಿದ ತಕ್ಷಣ ಅವನಿಗೇ ತಿಳಿಯಿತು, ಫೋನಿನಲ್ಲಿ ಅವನ ಉಸಿರು ನಿಂತದ್ದು ನನಗೆ ಕೇಳಿಸಿತು, ಆದರೂ ಹೇಳಿಯಾಗಿತ್ತು. ನಾಲ್ಕು ವರ್ಷ ಆ ಮಾತು ಒಳಗೇ ಇತ್ತು, ಕಿವಿ ವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು, ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎನ್ನುವುದು, ನಿವೃತ್ತ ಟೈಪಿಸ್ಟ್ ಒಬ್ಬರಿಗೆ ಕಿವಿಯ ಯಂತ್ರ ಹಾಕಿ ಕಳಿಸಿದರೆ ಬಾಗಿಲ ಹತ್ತಿರ ಗಕ್ಕನೆ ನಿಂತು, ಯಾರಮ್ಮಾ ಇದು ನಡೀತಿರೋದು, ನೀವೇ ಅಮ್ಮಾ, ಎಂದೆ, ನಿಮ್ಮ ಚಪ್ಪಲಿ ಸದ್ದು ಅದು — ಅಂಥ ದಿನಗಳು ಚೆನ್ನಾಗಿರುತ್ತಿದ್ದವು, ಆದರೆ ಸಂಜೆ ಮನೆಗೆ ಬಂದರೆ ಹೊಸ ಜಾಹೀರಾತು, ಅದೇ ಮಹಾಪ್ರಭು ಸಂದರ್ಶನದಲ್ಲಿ ಕಣ್ಣರಳಿಸಿ, ಏಳು ಸಾಮ್ರಾಜ್ಯ, ಒಂದೊಂದಕ್ಕೂ ಅದರದ್ದೇ ಗಾಳಿ, ಜಗತ್ತೆಲ್ಲ ಚಪ್ಪಾಳೆ, ಶತಮಾನದ ಆಟ ಎಂದು ಡಂಗುರ, ಅದನ್ನು ನೋಡುತ್ತ, ನಾನು ಇನ್ನೊಂದು ತಿಂಗಳು ತಡೆದುಕೊಂಡಿದ್ದರೆ, ಇನ್ನೊಂದು ಸಲ ಜಗಳ ಆಡಿದ್ದರೆ, ಅವರು ಮನಸ್ಸು ಬದಲಾಯಿಸಿ ಏಳನ್ನೂ ವಾಪಸ್ಸು ಹಾಕಿರಬಹುದು, ಬೇರೆ ಯಾರೋ ನನಗಿಂತ ಚೆನ್ನಾಗಿ ಮಾಡಿರಬಹುದು, ಇದ್ದಿದ್ದರೆ, ಇದ್ದಿದ್ದರೆ.

ಈಗ ನೋಡಿದರೆ ಇದು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೇ ಅನುಮಾನ ಬಂದಿತ್ತು, ಆಟದಲ್ಲಿ ಸೌದೆ ಕಡಿಯುವವನೊಬ್ಬ, ದಾರಿಹೋಕನೇ, ಚಳಿ ಹತ್ತಿರ ಬಂತು, ಎಂದ, ಚೆನ್ನಾಗಿದೆ ಅನ್ನಿಸಿತು, ಮುಂದಿನ ಊರಿನಲ್ಲಿ ಮೀನು ಮಾರುವವಳೂ ಅದನ್ನೇ ಅಂದಳು, ಮರಳುಗಾಡಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಂಟೆಯವನೂ ಚಳಿ ಹತ್ತಿರ ಬಂತು ಎಂದ. ವೀರನ ಕುದುರೆ ಗೋಡೆಯೊಳಗೆ ಅರ್ಧ ಹೊಕ್ಕು ಬಾಲ ಅಲ್ಲಾಡಿಸುತ್ತ ಸಿಕ್ಕಿಕೊಂಡಿತು, ಕೋಟೆಯ ಬಾಗಿಲು ತೆರೆಯಲಿಲ್ಲ, ತಮ್ಮ ಅರ್ಧ ಗಂಟೆ ಗುದ್ದಾಡಿ, ಇದೇ ನಮ್ಮ ಲಿಫ್ಟಿನ ಬಾಗಿಲಾಗಿದ್ರೆ ಹತ್ತು ನಿಮಿಷದ ಕೆಲಸ. ನಕ್ಕೆ, ಅಡುಗೆಮನೆಗೆ ಓಡಿ ನಕ್ಕೆ, ಅಲ್ಲಿ ಗೋಡೆಗೆ ಒರಗಿ ನಿಂತಾಗ ಗೊತ್ತಾಯಿತು, ಇದು ನಗು ಮಾತ್ರವಲ್ಲ, ಪರೀಕ್ಷೆ ರದ್ದಾಯಿತೆಂದು ತಿಳಿದಾಗ ಆಗುತ್ತಿತ್ತಲ್ಲ, ಆ ಹಗುರ, ಎದೆಯ ಮೇಲಿಂದ ಒಂದು ಮೂಟೆ ಇಳಿಸಿದ ಹಾಗೆ — ನಾನು ಕಳೆದುಕೊಂಡದ್ದು ಏನೂ ಇಲ್ಲ, ಅಲ್ಲಿ ಏನೂ ಇರಲಿಲ್ಲ. ಬಳಿಕ ನಾಚಿಕೆ, ತಮ್ಮನ ಆರು ವರ್ಷ ಮಣ್ಣಾಗುತ್ತಿದ್ದರೆ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವೇ, ಎಂಥ ಹೆಂಗಸು ನಾನು. ಅವನೋ ಒಂದು ಮಾತು ಬೈಯಲಿಲ್ಲ, ಶನಿವಾರವಿಡೀ ಹಲ್ಲು ಕಚ್ಚಿ ಆಡಿದ, ನಾನು ಹಾದುಹೋದಾಗಲೆಲ್ಲ, ಚೆನ್ನಾಗಿದೆ ಅಕ್ಕ, ಗ್ರಾಫಿಕ್ಸ್ ಚೆನ್ನಾಗಿದೆ, ಮುಂದೆ ಹೋದ ಹಾಗೆ ಇನ್ನೂ ಚೆನ್ನಾಗಿರುತ್ತೆ, ಮತ್ತೆ ಉತ್ತರಕ್ಕೆ, ಉತ್ತರಕ್ಕೆ, ಬೇರೆ ದಾರಿಗಳ ಕಡೆ ತಿರುಗಿಯೂ ನೋಡದೆ.

ಅಕ್ಕ, ಬಂತು. ಹೆಬ್ಬಾಗಿಲು ಸರಿಯಿತು, ಹಿಮ, ನಿಜಕ್ಕೂ ಚೆಂದದ ಹಿಮ, ಚಿತ್ರ ಬರೆದವರನ್ನು ದೂರುವಂತಿಲ್ಲ, ವೀರ ಬೆಟ್ಟ ಏರುತ್ತಿದ್ದಾನೆ, ಡ್ರಮ್ಮು, ಡ್ರಮ್ಮು, ತುದಿ ಮುಟ್ಟಿದ, ಡ್ರಮ್ಮು ನಿಂತಿತು, ಅವನ ಕೆಂಪು ನಿಲುವಂಗಿ ಬೆನ್ನ ಹಿಂದೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದೆ, ತಮ್ಮ ಬೆರಳೆತ್ತಿ, ಶ್, ಈಗ ಬರುತ್ತೆ. ಬರಲಿಲ್ಲ. ವಾಲ್ಯೂಮ್ ಏರಿಸಿದ, ಐವತ್ತು, ಎಪ್ಪತ್ತು, ನೂರು, ಏನೂ ಇಲ್ಲ, ಒಂದು ಗಾಳಿ ಇಟ್ಟುಕೊಳ್ಳೋಣ ಎಂದಿದ್ದರಲ್ಲ, ಅದನ್ನೂ ಇಲ್ಲಿ ಹಾಕಲು ಮರೆತಿದ್ದಾರೆ, ಆ ಯಾವುದಾದರೊಂದೂ ಇಲ್ಲ, ಕೆಂಪು ನಿಲುವಂಗಿ ಮಾತ್ರ ಪಟಪಟ ಬಡಿಯುತ್ತಿದೆ, ಸದ್ದಿಲ್ಲ. ಕೇಬಲ್ ಸಡಿಲ ಆಗಿರ್ಬೇಕು, ಎದ್ದು ಟೀವಿಯ ಹಿಂದೆ ಹೋಗಿ ಬಗ್ಗಿದ, ತಂತಿಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದಾನೆ, ಅವನ ಬೆನ್ನು ಮಾತ್ರ ಕಾಣುತ್ತದೆ, ಎಷ್ಟು ಹೊತ್ತು ನೋಡಲಿ ನಾನು, ಕೇಬಲ್ ಅಲ್ಲ ಕಣೋ. ಮತ್ತೆ? ತೆಗೆದುಬಿಟ್ರು, ನಿನ್ನ ಗಾಳೀನ, ನಾನಿದ್ದಾಗಲೇ. ಬೆನ್ನು ಅಲ್ಲಾಡಲಿಲ್ಲ. ನಿಂಗೆ ಯಾವಾಗಿಂದ ಗೊತ್ತು? ನಾಲ್ಕು ವರ್ಷದಿಂದ. ಅದಕ್ಕೇ ಬಿಟ್ಟು ಬಂದ್ಯಾ? ಹೂಂ. ಆ ಮೀಟಿಂಗು, ಆ ಬಿಸ್ಕತ್ತು, ಯಾವುದಾದರೊಂದು, ಎಲ್ಲ ಹೇಳಿದೆ, ಅವನ ಬೆನ್ನಿಗೆ ಹೇಳಿದೆ, ಮುಖವಿದ್ದಿದ್ದರೆ ಆಗುತ್ತಿರಲಿಲ್ಲವೇನೋ. ಮತ್ತೆ ನಾನು ಅಷ್ಟೆಲ್ಲಾ ಅಂದಾಗ ಯಾಕೆ ಸುಮ್ನಿದ್ದೆ, ಒಂದು ಮಾತು ಹೇಳ್ಬಾರ್ದಿತ್ತಾ? ನೀನು ಆಫೀಸಲ್ಲಿ ಎಲ್ರಿಗೂ ಹೇಳ್ಕೊಂಡಿದ್ದೆ, ಹೇಗೋ ಹೇಳ್ಲಿ. ಟೀವಿಯ ಹಿಂದಿನಿಂದ, ಎಲ್ರೂ ಅಂದ್ರೆ ನಾಲ್ಕು ಜನ ಅಕ್ಕ, ಅದರಲ್ಲೊಬ್ಬ ರಿಟೈರ್ ಆದ.

ಹೊರಗೆ ಬಂದ, ಮೊಣಕಾಲಿಗೆ ಧೂಳು, ಮೂಗಿನ ತುದಿಗೆ ಜೇಡರ ಬಲೆ, ಅಳುತ್ತಾನೇನೋ ಅಂದುಕೊಂಡೆ, ನನ್ನ ಪಕ್ಕ ಧೊಪ್ಪನೆ ಕೂತು ದೊಡ್ಡದಾಗಿ ಉಸಿರುಬಿಟ್ಟ, ಒಂದು ಹೇಳ್ಲಾ, ಬೈಬಾರ್ದು, ಮೊದಲನೇ ಗಂಟೇಲೇ ಬೋರ್ ಹೊಡೀತು ಕಣಕ್ಕಾ, ಥೂ, ಎಂಥ ಆಟ ಇದು. ಮತ್ತೆ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ದೆ? ನೀನು ಅಷ್ಟು ಕಷ್ಟಪಟ್ಟಿದ್ಯಲ್ಲ, ನಿಂಗೆ ಬೇಜಾರಾಗುತ್ತೆ ಅಂತ. ಅಯ್ಯೋ ದಡ್ಡ, ನಾನು ಒಳಗೆ ಕುಣೀತಾ ಇದ್ದೆ ಕಣೋ, ಎರಡು ದಿನದಿಂದ, ಇದು ಕೆಟ್ಟದಾಗಿದೆ ಅಂತ. ಅವನು ತಿರುಗಿ ನೋಡಿದ, ನಾಲ್ಕು ವರ್ಷದಲ್ಲಿ ಹಾಗೆ ನೇರವಾಗಿ ನೋಡಿರಲಿಲ್ಲ, ಇಬ್ಬರಿಗೂ ಒಟ್ಟಿಗೇ ನಗು ಬಂತು, ಎರಡು ದಿನ ಒಂದೇ ಮನೆಯಲ್ಲಿ ಅವನೊಂದು ನಾಟಕ, ನಾನೊಂದು ನಾಟಕ, ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಹತ್ತಿತು, ನೀರು ಕುಡಿಸಿದೆ, ಲೋಟ ಕೆಳಗಿಟ್ಟು ಅವನು ಲೋಟವನ್ನೇ ನೋಡುತ್ತ, ಅವತ್ತು ಮದುವೆ ವಿಷಯ ಎತ್ತಿದ್ದು, ಅದು ಅನ್ಬಾರ್ದಿತ್ತು, ಅಂದ ಮೇಲೆ ಎಷ್ಟೋ ಸಲ ಫೋನ್ ಹಿಡ್ಕೊಂಡೆ, ಮಾಡಕ್ಕಾಗ್ಲಿಲ್ಲ. ಬಿಡು, ಎಂದೆ. ಇಲ್ಲ, ಬಿಡೋ ಮಾತಲ್ಲ, ತಪ್ಪು ಅಂದ್ರೆ ತಪ್ಪು. ಹೂಂ, ತಪ್ಪು. ಆ ಹೂಂ ಎಲ್ಲಿಂದ ಬಂತೋ, ಇಷ್ಟು ದಿನ ಪರವಾಗಿಲ್ಲ ಪರವಾಗಿಲ್ಲ ಎನ್ನುತ್ತಿದ್ದ ಬಾಯಿ ಇದು. ಅವನು ತಲೆಯಾಡಿಸಿದ, ಕಾಲು ಚಾಚಿ ಸೋಫಾದ ಮೇಲೆ ಉರುಳಿ, ಅಕ್ಕ, ನಾನೂ ಇದನ್ನ ಅರ್ಧಕ್ಕೆ ಬಿಡ್ಲಾ? ಬಿಡು. ಎರಡು ನಿಮಿಷವೂ ಆಗಿಲ್ಲ, ನಿದ್ದೆ ಬಂದುಬಿಟ್ಟಿದೆ, ಬಾಯಿ ತೆರೆದಿದೆ, ಮೂಗಿನ ತುದಿಯಲ್ಲಿ ಆ ಬಲೆ ಇನ್ನೂ ಇದೆ. ಎದ್ದು ಟೀವಿ ಆರಿಸಬೇಕು, ರಿಮೋಟು ಅವನ ಕೈಯಡಿ, ಇರಲಿ, ಬೆಟ್ಟದ ತುದಿಯಲ್ಲಿ ವೀರ ಇನ್ನೂ ನಿಂತಿದ್ದಾನೆ, ಕೆಂಪು ನಿಲುವಂಗಿ ಬಡಿಯುತ್ತಿದೆ, ಇದಕ್ಕೆ ಯಾವುದರ ಸದ್ದು ಹಾಕಬಹುದಿತ್ತು, ತಾಡಪಾಲು, ಅಲ್ಲ, ತೆಳು ತೊಗಲು, ಇಲ್ಲ — ಹುಡುಕುವುದು ಬೇಡ, ಹುಡುಕಬೇಕಿಲ್ಲ, ಯಾರೂ ಕೇಳುತ್ತಿಲ್ಲ, ಕೆಂಪು ನಿಲುವಂಗಿ ಬಡಿಯುತ್ತಿದೆ, ಎಷ್ಟು ಜೋರಾಗಿ ಬಡಿಯುತ್ತಿದೆ, ಕೆಂಪು ನಿಲುವಂಗಿ, ಎಷ್ಟು ಸುಮ್ಮನೆ