ಊಟಕ್ಕೆ ಮುಂಚೆ ಕೈ ತೋರಿಸು

ನಾನು ಸುಲಭಕ್ಕೆ ಬೆರಗಾಗುವ ಪೈಕಿಯಲ್ಲ. ಇಪ್ಪತ್ತೊಂಬತ್ತು ವರ್ಷ ಲಿವರ್‌ಪೂಲಿನ ಬೀದಿಗಳಲ್ಲಿ ಬಸ್ಸು ಓಡಿಸಿದವಳು. ಫುಟ್‌ಬಾಲ್ ಆಟದಲ್ಲಿ ಸೋತು ಬಂದ ಜನರನ್ನು ಶನಿವಾರ ಸಂಜೆ ಮನೆ ಮುಟ್ಟಿಸಿದವಳಿಗೆ ಇನ್ನು ಯಾವ ಬೆರಗು? ಆದರೂ ಆ ಹಡಗಿನಲ್ಲಿ, ಒಂದು ಸಂಜೆ ಆರೂವರೆಗೆ, ನನ್ನ ಅಮ್ಮನನ್ನು ನೋಡಿ ಬೆರಗಾದೆ.

ಅಮ್ಮನ ಹೆಸರು ವಿನಿಫ್ರೆಡ್. ಆಗ ಅವಳಿಗೆ ಎಂಬತ್ತೆರಡು. ಮದುವೆಗೆ ಮುಂಚೆ ಎಂಟು ವರ್ಷ ಅಟ್ಲಾಂಟಿಕ್ ದಾಟುವ ದೊಡ್ಡ ಹಡಗುಗಳಲ್ಲಿ ಆಯಾ ಆಗಿದ್ದಳು. ಮೊದಲ ದರ್ಜೆಯ ಮಕ್ಕಳನ್ನು ಎಬ್ಬಿಸುವುದು, ಮೀಯಿಸುವುದು, ಸಂಜೆ ಐದಕ್ಕೆ ಮಕ್ಕಳ ಕೋಣೆಯಲ್ಲೇ ಉಣ್ಣಿಸಿ ಮಲಗಿಸುವುದು ಅವಳ ಕೆಲಸ. ದೊಡ್ಡವರ ಊಟದ ಮನೆಗೆ ಆಗ ಮಕ್ಕಳನ್ನು ಬಿಡುತ್ತಿರಲಿಲ್ಲ. ಪ್ರಯಾಣದ ಕಡೆಯ ಸಂಜೆ ಮಾತ್ರ ಅವರನ್ನು ಗೊಂಬೆಗಳ ಹಾಗೆ ಸಿಂಗರಿಸಿ, ಅಪ್ಪ ಅಮ್ಮಂದಿರಿಗೆ ಮುಖ ತೋರಿಸಿ ಐಸ್‌ಕ್ರೀಂ ತಿಂದು ಬರಲೆಂದು ಕಳಿಸುತ್ತಿದ್ದರು. ಆಯಾ ಅವರನ್ನು ಅಡುಗೆಮನೆಯ ಹತ್ತಿರದ ಪಕ್ಕದ ಬಾಗಿಲಿನವರೆಗೆ ತಂದು ಒಳಗೆ ಬಿಡಬೇಕು. ಅವರು ಮರಳುವ ತನಕ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿರಬೇಕು. ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ಒಳಗಿನ ದೊಡ್ಡ ಮೆಟ್ಟಿಲೂ, ಅದನ್ನು ಇಳಿದು ಬರುವ ಹೆಂಗಸರೂ ಕಾಣುತ್ತಿದ್ದರು. ಎಂಟು ವರ್ಷದಲ್ಲಿ ಅವಳು ಕಂಡದ್ದು ಅಷ್ಟೇ.

ಈ ಕತೆಯನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಪ್ರತಿ ಸಲವೂ ಅದು ಮುಗಿಯುವುದು ಒಂದೇ ಮಾತಿನಲ್ಲಿ.

"ಒಂದೇ ಒಂದ್ಸಲ ಆ ಥರದ ಮೆಟ್ಲು ಇಳೀಬೇಕು ಕಣೇ ಬರ್ನಿ. ನಮ್ಮನೇ ಮಗು ಕೈ ಹಿಡ್ಕೊಂಡು. ಅಷ್ಟಾದ್ರೆ ಸಾಕು ನಂಗೆ."

ಹಾಗಾಗಿ ನಾರ್ವೆಯ ಕಡಲ ಕಣಿವೆಗಳಿಗೆ ಹೋಗುವ ಹಡಗಿನಲ್ಲಿ ನಾವು ಮೂವರು ಹೊರಟೆವು: ಅಮ್ಮ, ನಾನು, ನನ್ನ ಮಗಳ ಮಗಳು ಓರ್ಲಾ. ಓರ್ಲಾಗೆ ಐದು ವರ್ಷ. ಅವಳ ತಾಯಿಗೆ ಆಗಷ್ಟೇ ಎರಡನೆಯ ಹೆರಿಗೆಯಾಗಿತ್ತು. ಅಮ್ಮ ಚಳಿಗಾಲವಿಡೀ ಕೂತು ಮರಿಮಗಳಿಗೆ ಹಸಿರು ಮಖಮಲ್ಲಿನ ಒಂದು ಫ್ರಾಕು ಹೊಲಿದಳು. ಬಿಳಿ ಕಾಲರು, ಎದೆಯ ಮೇಲೆ ಸಣ್ಣ ಸಣ್ಣ ನೆರಿಗೆ. ತನಗೆ ಉದ್ದನೆಯ ನೀಲಿ ನಿಲುವಂಗಿ, ಒಂದು ಜೊತೆ ಬೆಳ್ಳಿ ಬಣ್ಣದ ಪಾದರಕ್ಷೆ. ಅದನ್ನು ಮಾತ್ರ ಯಾರಿಗೂ ಮುಟ್ಟಲು ಕೊಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕೋಣೆಯ ಬಾಗಿಲಡಿಯಿಂದ ಒಂದು ಚೀಟಿ ಒಳಬಂತು. ಅಂದು ಸಂಜೆ ದೊಡ್ಡ ಮೆಟ್ಟಿಲಿಳಿದು ಹೋಗುವ ಊಟದ ಮನೆಯಲ್ಲಿ ವಿಶೇಷ ಔತಣ. ಗಂಡಸರಿಗೆ ಕರಿಯ ಸೂಟು, ಹೆಂಗಸರಿಗೆ ನಿಲುವಂಗಿ. ಒಪ್ಪದವರು ಮೇಲಿನ ಅಂತಸ್ತಿನಲ್ಲಿ ತಟ್ಟೆ ಹಿಡಿದು ಬಡಿಸಿಕೊಂಡು ತಿನ್ನಬಹುದು. ಅಮ್ಮ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿಗೆ ಬಂದಳು.

"'ಮಕ್ಕಳು ಚೊಕ್ಕಟವಾದ ಉಡುಪಿನಲ್ಲಿರಲಿ.' ಅಷ್ಟೇನಾ?" ಹಿಂದೆ ಇನ್ನೇನಾದರೂ ಬರೆದಿದೆಯೇನೋ ಎಂದು ಚೀಟಿ ಮಗುಚಿದಳು. "ಚೊಕ್ಕಟ ಅಂದ್ರೇನರ್ಥ? ಬೆಕ್ಕೂ ಚೊಕ್ಕಟವಾಗೇ ಇರುತ್ತೆ."

"ಕಾಲ ಬದಲಾಗಿದೆ ಅಮ್ಮ."

"ಕಾಲ ಬದಲಾಗ್ಲಿ. ಕಿವಿ ಹಿಂದಿನ ಕೊಳೆ ಬದಲಾಗಿದ್ಯಾ?"

ಹಡಗು ಹತ್ತಿದಾಗಿನಿಂದ ಪ್ರತಿ ಊಟಕ್ಕೆ ಮುಂಚೆ ಓರ್ಲಾಳ ತಪಾಸಣೆ ನಡೆದೇ ಇತ್ತು. ಅಮ್ಮ ಎದುರು ನಿಂತು, "ಕೈ," ಎನ್ನುವಳು. ಓರ್ಲಾ ಎರಡೂ ಕೈ ಚಾಚುವಳು. "ಮಗುಚು." ಅಂಗೈ ಮೇಲಾಗುವುದು. "ಕಿವಿ." ಆ ಕಡೆ, ಈ ಕಡೆ. "ಕಾಲು." ಕೊನೆಗೆ ಅಮ್ಮ ಒಂದು ಕ್ಷಣ ತಡೆದು, ನ್ಯಾಯಾಧೀಶೆಯ ಗತ್ತಿನಲ್ಲಿ, "ಹೋಗಬಹುದು," ಎನ್ನುವಳು. ಆ ಮಾತು ಬೀಳುವ ತನಕ ಓರ್ಲಾ ಉಸಿರು ಬಿಡುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಇದೇ ತಪಾಸಣೆಗೆ ಹೆದರಿ ಎಷ್ಟು ಸಲ ಹೊಟ್ಟೆನೋವಿನ ನೆಪ ಹೇಳಿದ್ದೆನೋ. ಈ ಹುಡುಗಿಗೆ ಅದು ಆಟವಾಗಿತ್ತು.

ಆಟ ಕೆಟ್ಟದ್ದು ಬೂಟಿನ ವಿಷಯದಲ್ಲಿ. ಓರ್ಲಾ ಪ್ರಯಾಣಕ್ಕೆಂದು ಹಳದಿ ಬಣ್ಣದ ರಬ್ಬರ್ ಬೂಟು ತಂದಿದ್ದಳು. ಮೊದಲ ರಾತ್ರಿ ಅದನ್ನು ಹಾಕಿಕೊಂಡೇ ಮಲಗಿದ್ದಳು.

"ಈ ಬೂಟಲ್ಲಿ ಆ ಮೆಟ್ಲು ಇಳಿಯೋ ಹಾಗಿಲ್ಲ," ಎಂದಳು ಅಮ್ಮ.

"ಹಡಗು ಮುಳುಗಿದ್ರೆ ಕಾಲು ನೆನೆಯುತ್ತಲ್ಲ ಮುತ್ತಜ್ಜಿ."

"ಹಡಗು ಮುಳುಗಿದ್ರೆ ಬೂಟೊಳಗೂ ನೀರು ಬರುತ್ತೆ ಕಣೇ."

"ನಿಧಾನಕ್ಕೆ ಬರುತ್ತೆ."

ನೂಲಿನಂತೆ ಸೀರೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನೂಲೇ ಕಬ್ಬಿಣದ್ದು. ಸಂಜೆ ಐದೂಮುಕ್ಕಾಲಾದರೂ ಇಬ್ಬರೂ ಜಗ್ಗಲಿಲ್ಲ. ಓರ್ಲಾ ಮಖಮಲ್ಲಿನ ಫ್ರಾಕು ತೊಟ್ಟು, ಕೂದಲು ಬಾಚಿಸಿಕೊಂಡು, ಬೂಟಿನಲ್ಲೇ ಮಂಚದ ಮೇಲೆ ಕುಳಿತಿದ್ದಳು. ಅಮ್ಮ ನೀಲಿ ನಿಲುವಂಗಿಯಲ್ಲಿ ಸೆಟೆದು ನಿಂತಿದ್ದಳು. ಬೆಳ್ಳಿ ಪಾದರಕ್ಷೆ ಕಾಲು ಕಚ್ಚುತ್ತದೆಂದು ಕೊನೇ ಗಳಿಗೆಗೆ ಹಾಕಿಕೊಳ್ಳುವ ಲೆಕ್ಕಾಚಾರದಲ್ಲಿ, ಇನ್ನೂ ಚೌಕುಳಿಯ ಉಣ್ಣೆಯ ಮನೆಚಪ್ಪಲಿಯಲ್ಲೇ ಇದ್ದಳು.

ಅಷ್ಟರಲ್ಲಿ ಹೊರಗಿನ ಓಣಿಯಲ್ಲಿ ಒಂದು ಮಗು ಚೀರಿತು. ಅದಕ್ಕೆ ಇನ್ನೊಂದು ದನಿಗೂಡಿಸಿತು. ಬಾಗಿಲು ತೆರೆದರೆ ಓಣಿಯೆಲ್ಲ ರಣರಂಗ. ಒಬ್ಬ ಅಪ್ಪ ಮಗನಿಗೆ ಟೈ ಕಟ್ಟಲು ಹೋಗಿ ನೇಣು ಬಿಗಿದಂತೆ ಮಾಡಿದ್ದ. ಈಜುಕೊಳದಿಂದ ಬಂದ ಒಬ್ಬಳ ಒದ್ದೆ ಕೂದಲು ಸಿಕ್ಕುಗಟ್ಟಿ, ಅವಳ ತಾಯಿ ಬಾಚಣಿಗೆ ಹಿಡಿದು ಅಳುವಂತಾಗಿದ್ದಳು. ಅವಳಿಜವಳಿ ಹುಡುಗರು ಒಬ್ಬರ ಅಂಗಿ ಇನ್ನೊಬ್ಬರು ತೊಟ್ಟು ಹೊಡೆದಾಡುತ್ತಿದ್ದರು. ಎಲ್ಲ ಸೇರಿ ಏಳು ಮಕ್ಕಳು. ಒಬ್ಬರೂ ಹೊರಡುವ ಸ್ಥಿತಿಯಲ್ಲಿರಲಿಲ್ಲ.

ಅಮ್ಮ ಹೊಸ್ತಿಲಲ್ಲಿ ನಿಂತು ಒಮ್ಮೆ ನೋಡಿದಳು. ಆಮೇಲೆ ಅವಳ ಬೆನ್ನು ಒಂದಂಗುಲ ಉದ್ದವಾಯಿತು. ನಾನು ಸುಳ್ಳು ಹೇಳುತ್ತಿಲ್ಲ.

"ಬರ್ನಿ, ಒಂದು ಲೋಟ ನೀರು. ಬಾಚಣಿಗೆ. ಪಿನ್ನು. ನೀವು ದೊಡ್ಡವರೆಲ್ಲ ಒಳಗೆ ಹೋಗಿ ನಿಮ್ಮ ಬಟ್ಟೆ ನೋಡ್ಕೊಳ್ಳಿ. ಮಕ್ಕಳನ್ನ ನಂಗೆ ಬಿಡಿ."

ದೊಡ್ಡವರೆಲ್ಲ ಒಳಗೆ ಹೋದರು. ಅಮ್ಮ ಟೈ ಹುಡುಗನನ್ನು ತಿರುಗಿಸಿ, ಹಿಂದಿನಿಂದ ಬಾಗಿ, ತನ್ನ ಕೊರಳಿಗೇ ಕಟ್ಟಿಕೊಳ್ಳುವ ಹಾಗೆ ನಾಲ್ಕು ಚಲನೆಯಲ್ಲಿ ಗಂಟು ಕೂರಿಸಿದಳು. ಸಿಕ್ಕುಗಟ್ಟಿದ ಕೂದಲನ್ನು ತುದಿಯಿಂದ ಹಿಡಿದು ಮೇಲಕ್ಕೆ ಬಿಡಿಸುತ್ತ ಹೋದಳು. ಹುಡುಗಿ ಒಮ್ಮೆಯೂ "ಹಾ" ಎನ್ನಲಿಲ್ಲ. ಬಾಯಲ್ಲಿ ಪಿನ್ನು, ಎಡಗೈಯಲ್ಲಿ ಒಬ್ಬನ ಗಲ್ಲ, ಬಲಗೈಯಲ್ಲಿ ಇನ್ನೊಬ್ಬನ ಗುಂಡಿ. ಕೆಟಲ್ ಎತ್ತಿದರೆ ನಡುಗುವ, ಚಹಾ ಬಗ್ಗಿಸಿದರೆ ತಟ್ಟೆಗೆ ಚೆಲ್ಲುವ ಆ ಕೈಗಳು ಅವತ್ತು ನಡುಗಲೇ ಇಲ್ಲ. ಹನ್ನೆರಡು ನಿಮಿಷ. ನಾನು ಗಡಿಯಾರ ನೋಡಿದೆ, ಬಸ್ಸಿನವಳ ಚಟ. ಹನ್ನೆರಡು ನಿಮಿಷದಲ್ಲಿ ಏಳು ಮಕ್ಕಳು ಗೋಡೆ ಪಕ್ಕ ಸಾಲು ನಿಂತು ಕೈ ಚಾಚಿದ್ದರು.

"ಮಗುಚಿ. ಕಿವಿ. ಕಾಲು. ಹೋಗಬಹುದು."

ಓರ್ಲಾ ಬೂಟಿನಲ್ಲೇ ಬಂದು ಸಾಲಿನ ತುದಿಗೆ ನುಸುಳಿದಳು. ಅಮ್ಮ ನೋಡಿದರೂ ನೋಡದ ಹಾಗಿದ್ದಳು. ಅವಳಿಗಾಗ ಕೆಲಸದ ಆವೇಶ.

"ಇಬ್ಬಿಬ್ಬರು ಜೋಡಿ. ಚಿಕ್ಕವರು ಕಂಬಿ ಕಡೆ. ಹಡಗು ಹೊರಳಿದ್ರೆ ಹಿಡ್ಕೊಳ್ಳೋಕೆ ಏನಾದ್ರೂ ಸಿಗ್ಬೇಕು." ಸಾಲು ಹೊರಟಿತು. "ನೀನು ಚೀಲ ತಗೊಂಡು ಬಾರೇ, ಮೆಟ್ಲ ಹತ್ರ ಸಿಗ್ತೀನಿ," ಎಂದು ನನಗೆ ಕೂಗಿ ತಿರುವಿನಲ್ಲಿ ಮರೆಯಾದಳು.

ನಾನು ಚೀಲ ಹಿಡಿದು, ಆ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ದೊಡ್ಡ ಮೆಟ್ಟಿಲ ಮೇಲ್ತುದಿಗೆ ಬಂದೆ. ಅಲ್ಲಿಂದ ಕೆಳಗೆ ನೋಡಿ ಕಾಲು ತಾನಾಗಿ ನಿಂತಿತು. ಎರಡು ಅಂತಸ್ತಿನ ಎತ್ತರದ ಊಟದ ಮನೆ, ಹಿಂಭಾಗದ ಗೋಡೆಯೆಲ್ಲ ಗಾಜು. ಗಾಜಿನಾಚೆ ಕರಿಯ ಬಂಡೆಬೆಟ್ಟವೊಂದು ಹಡಗಿಗೆ ಅಂಟಿಕೊಂಡೇ ಎಂಬಂತೆ ಮೆಲ್ಲಗೆ ಹಿಂದೆ ಸರಿಯುತ್ತಿತ್ತು, ಅದರ ನೆತ್ತಿಯಿಂದ ಜಲಪಾತ ಬಿಳಿ ದಾರದಂತೆ ಇಳಿದಿತ್ತು. ಆ ನಾಡಿನ ಬೇಸಿಗೆಯಲ್ಲಿ ಸಂಜೆಯೂ ನಡುಹಗಲೇ. ನೂರಾರು ಲೋಟಗಳ ಮೇಲೆ ಬಿಸಿಲು ಬಿದ್ದಿತ್ತು. ಅಮ್ಮ ಅರವತ್ತು ವರ್ಷ ಆಸೆಪಟ್ಟದ್ದರಲ್ಲಿ ತಪ್ಪೇನಿಲ್ಲ ಅನ್ನಿಸಿತು.

ಆದರೆ ಅಮ್ಮ ಬರಲಿಲ್ಲ. ಐದು ನಿಮಿಷ ಕಾದೆ. ಆಗ ಪಕ್ಕದಲ್ಲಿದ್ದ ಟೈ ಹುಡುಗನ ಅಪ್ಪ ಕೆಳಗೆ ಕೈ ತೋರಿಸಿದ. "ಅಲ್ನೋಡಿ, ನಮ್ಮವರು ಆಗ್ಲೇ ಕೂತಿದ್ದಾರೆ!" ಕೆಳಗೆ ಮೂಲೆಯ ಪುಟ್ಟ ಬಾಗಿಲಿನಿಂದ ಮಕ್ಕಳು ಜೋಡಿ ಜೋಡಿಯಾಗಿ ಬಂದು ತಮ್ಮ ತಮ್ಮ ಮೇಜು ಸೇರುತ್ತಿದ್ದರು. ಕೊನೆಯಲ್ಲಿ ಹಳದಿ ಬೂಟು ಬಂತು. ಅದರ ಹಿಂದೆ ಬಾಗಿಲು ಮುಚ್ಚಿತು.

ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ದಡದಡ ಮೆಟ್ಟಿಲಿಳಿದು, ಮೇಜುಗಳ ನಡುವೆ ದಾರಿ ಮಾಡಿಕೊಂಡು ಆ ಬಾಗಿಲು ತಳ್ಳಿದೆ. ಬಡಿಸುವ ಹುಡುಗರು ತಟ್ಟೆ ಹೊತ್ತು ಓಡಾಡುವ ಇಕ್ಕಟ್ಟಿನ ಓಣಿ. ಅಲ್ಲಿ, ನೀಲಿ ನಿಲುವಂಗಿಯಲ್ಲಿ, ಗೋಡೆಗೆ ಬೆನ್ನು ಹಚ್ಚಿ, ಕೈ ಕಟ್ಟಿಕೊಂಡು ಅಮ್ಮ ನಿಂತಿದ್ದಳು.

"ಅಮ್ಮ, ಇಲ್ಲೇನು ಮಾಡ್ತಿದ್ದೀಯ?"

"ಮಕ್ಕಳು ತಿಂದು ಬರ್ಲಿ ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು. "ಅಯ್ಯೋ ಬರ್ನಿ. ಕಾಲೇ ಕರ್ಕೊಂಡು ಬಂದ್ಬಿಡ್ತು ಕಣೇ. ಹೊರಟಾಗ ಮೆಟ್ಲ ಕಡೆಗೇ ಹೊರಟಿದ್ದು. ಸಾಲು ಮುಂದೆ ಬಿಟ್ಕೊಂಡಿದ್ದೇ ತಡ, ಸೂಪಿನ ವಾಸನೆ ಹಿಡಿದು ಇಲ್ಲಿಗೇ ಬಂದೆ."

"ಆಯ್ತು, ಬಾ. ಮೇಲೆ ಹೋಗಿ ಮೆಟ್ಲು ಇಳಿಯೋಣ."

ಅವಳು ಬಗ್ಗಿ ತನ್ನ ಕಾಲು ನೋಡಿಕೊಂಡಳು. ಚೌಕುಳಿ ಮನೆಚಪ್ಪಲಿ.

"ಈ ಕಾಲಲ್ಲಾ? ನಾನೇ ಆಗಿದ್ರೆ ಇಂಥವಳನ್ನ ಒಳಗೇ ಬಿಡ್ತಿರ್ಲಿಲ್ಲ."

"ಓಡಿಹೋಗಿ ಬೆಳ್ಳೀದು ತರ್ತೀನಿ."

"ಬೇಡ. ಚಪ್ಪಲಿ ಮಾತಲ್ಲ ಕಣೇ." ಅವಳು ಮುಖ ಆಚೆ ತಿರುಗಿಸಿದಳು. "ಇಲ್ಲಿ ನಿಂತು ಅಭ್ಯಾಸ ಆಗಿದೆ ನಂಗೆ. ಇಲ್ಲಿಂದ್ಲೂ ಚೆನ್ನಾಗೇ ಕಾಣುತ್ತೆ. ನೀನು ಹೋಗು, ಮಗು ಒಂದೇ ಇದೆ."

ನನಗೆ ಸಿಟ್ಟು ಬಂತು. ಅಮ್ಮನ ಮೇಲಲ್ಲ. ಅವಳನ್ನು ಎಂಟು ವರ್ಷ ಆ ಗೋಡೆಗೆ ನಿಲ್ಲಿಸಿದವರ ಮೇಲೆ, ಸತ್ತು ಮಣ್ಣಾದವರ ಮೇಲೆ.  ಬಸ್ಸಿನಲ್ಲಾಗಿದ್ದರೆ ಗದರಿಸಿ ಮುಂದಕ್ಕೆ ಕಳಿಸುತ್ತಿದ್ದೆ.

ಬಾಗಿಲು ಮತ್ತೆ ತೆರೆಯಿತು. ಓರ್ಲಾ. ನಮ್ಮಿಬ್ಬರನ್ನೂ ನೋಡಿದಳು, ಮುತ್ತಜ್ಜಿಯ ಕಾಲನ್ನು ನೋಡಿದಳು. ನಂತರ ಅವಳೆದುರು ನೆಟ್ಟಗೆ ನಿಂತಳು.

"ಮುತ್ತಜ್ಜಿ, ಕೈ."

ಅಮ್ಮ ಅವಳನ್ನೇ ನೋಡಿದಳು. ನಗಲಿಲ್ಲ. ಕಟ್ಟಿದ್ದ ಕೈ ಬಿಡಿಸಿ ಮುಂದೆ ಚಾಚಿದಳು.

"ಮಗುಚು." ಸುಕ್ಕುಗಟ್ಟಿದ ಅಂಗೈ ಮೇಲಾಯಿತು. ಈಗ ಅವು ಸಣ್ಣಗೆ ನಡುಗುತ್ತಿದ್ದವು. "ಕಿವಿ." ಅಮ್ಮ ಬಾಗಿದಳು, ಆ ಕಡೆ, ಈ ಕಡೆ. ತಟ್ಟೆ ಹೊತ್ತ ಇಬ್ಬರು ಹುಡುಗರು ನಡೆಯುತ್ತಿದ್ದಲ್ಲೇ ನಿಂತರು. "ಕಾಲು."

ಓರ್ಲಾ ಮನೆಚಪ್ಪಲಿಯನ್ನು ನೋಡಿದಳು. ತನ್ನ ಬೂಟನ್ನೂ ನೋಡಿಕೊಂಡಳು. ಬಹಳ ಯೋಚಿಸಿದಳು.

"ಹಡಗು ಮುಳುಗಿದ್ರೆ ಇದು ಉಪಯೋಗಕ್ಕೆ ಬರಲ್ಲ," ಎಂದಳು. "ಆದ್ರೂ ಪರವಾಗಿಲ್ಲ." ಆಮೇಲೆ ಒಂದು ಕ್ಷಣ ತಡೆದಳು, ಥೇಟ್ ಅಮ್ಮನ ಹಾಗೆ. "ಹೋಗಬಹುದು."

ಅಮ್ಮ ಆ ಮಾತನ್ನು ಸಾವಿರ ಸಲ ಹೇಳಿರಬೇಕು. ಅವಳಿಗೆ ಅದನ್ನು ಹೇಳಿದವರು ಅವತ್ತಿನವರೆಗೆ ಯಾರೂ ಇರಲಿಲ್ಲ. ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು.

ಲಿಫ್ಟಿನಲ್ಲಿ ಮೇಲೆ ಹೋದೆವು. ಮೆಟ್ಟಿಲ ತುದಿಯಲ್ಲಿ ಓರ್ಲಾ ಮುತ್ತಜ್ಜಿಯನ್ನು ಕಂಬಿಯ ಕಡೆಗೆ ಸರಿಸಿ ತಾನು ಈ ಕಡೆ ನಿಂತು ಕೈ ಹಿಡಿದಳು. "ಹಡಗು ಹೊರಳಿದ್ರೆ," ಎಂದು ನನಗೆ ವಿವರಿಸಿದಳು. ನಾನು ಹಿಂದೆಯೇ ಉಳಿದೆ. ಅದು ಅವರಿಬ್ಬರ ಮೆಟ್ಟಿಲು.

ಅಮ್ಮ ಇಳಿದಳು. ಅವಸರವಿಲ್ಲದೆ, ತಲೆ ಬಗ್ಗಿಸದೆ. ಮನೆಚಪ್ಪಲಿ ಸದ್ದೇ ಮಾಡಲಿಲ್ಲ, ಬೂಟು ಮಾತ್ರ ಮೆಟ್ಟಿಲಿಗೊಮ್ಮೆ ಧಪ್ ಎನ್ನುತ್ತಿತ್ತು. ಅರ್ಧ ದಾರಿಗೆ ಬಂದಾಗ ಕೆಳಗೆ ಅವಳಿಜವಳಿಗಳಲ್ಲೊಬ್ಬ ಅವಳನ್ನು ಕಂಡು ಚಮಚ ಕೆಳಗಿಟ್ಟ. ಎರಡೂ ಕೈ ಮುಂದೆ ಚಾಚಿದ. ಅವನನ್ನು ನೋಡಿ ಇನ್ನೊಬ್ಬ. ಆಚೆ ಮೇಜಿನ ಟೈ ಹುಡುಗ. ಬಾಚಿದ ಕೂದಲಿನ ಹುಡುಗಿ. ಯಾರೂ ಹೇಳಿಕೊಟ್ಟಿರಲಿಲ್ಲ. ಆ ದೊಡ್ಡ ಮನೆಯ ಐದಾರು ಮೇಜುಗಳಿಂದ ಏಳು ಜೊತೆ ಪುಟ್ಟ ಕೈಗಳು ಚಾಚಿಕೊಂಡವು, ಅವಳು ಹತ್ತಿರ ಬಂದಂತೆ ತಾವಾಗಿ ಮಗುಚಿಕೊಂಡವು.  ನಾನು ಕಂಬಿ ಹಿಡಿದುಕೊಂಡೆ. ಆ ಬೆಟ್ಟ, ಆ ಜಲಪಾತ, ಯಾವುದೂ ಅದಕ್ಕೆ ಸಮನಲ್ಲ.

ಅಮ್ಮ ಒಂದೊಂದು ಮೇಜಿಗೂ ಒಂದೊಂದು ಸಲ ತಲೆದೂಗಿದಳು. ಊಟದ ಮನೆಯ ಮುಖ್ಯಸ್ಥ ಚಪ್ಪಲಿ, ಬೂಟು ಎರಡನ್ನೂ ನೋಡಿಯೂ ನೋಡದವನಂತೆ ಕುರ್ಚಿ ಎಳೆದ. ಅವಳು ಕೂತಳು, ಕರವಸ್ತ್ರ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಳು. ಆಮೇಲೆ ಒಮ್ಮೆ ಮೂಲೆಯ ಬಾಗಿಲ ಕಡೆ ತಿರುಗಿದಳು. ಸೂಪು ಹೊತ್ತ ಹುಡುಗನೊಬ್ಬ ಅದನ್ನು ತಳ್ಳಿಕೊಂಡು ಬಂದ. ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ಅಮ್ಮ ಆಚೆಯ ಗೋಡೆಯನ್ನು ನೋಡಿದಳು. ಅಲ್ಲಿ ಯಾರೂ ನಿಂತಿರಲಿಲ್ಲ.