ಬಲಗಣ್ಣು ಕತ್ತಲಾದ ಬೆಳಿಗ್ಗೆ

ಮೇಡ್ಲೇರಿಯ ರಸೂಲಬಿಗೆ ಅರವತ್ತೊಂದು ವರ್ಷ. ಅಂದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಪಡಸಾಲೆಯಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಾಗ ಅವಳ ಬಲಗಣ್ಣು ಇದ್ದಕ್ಕಿದ್ದಂತೆ ಕತ್ತಲಾಯಿತು. ನೋವಿಲ್ಲ, ಉರಿಯಿಲ್ಲ. ಎಡಗಣ್ಣು ಮುಚ್ಚಿಕೊಂಡರೆ ಮೊರವೂ ಕಾಣದು, ತನ್ನ ಕೈಯೂ ಕಾಣದು.

“ಅಫ್ರೀನ್, ಈ ಕಣ್ಣಿಗೆ ಏನೂ ಕಾಣವಲ್ದು,” ಎಂದು ಸೊಸೆಯನ್ನು ಕರೆದಳು. “ಬಿಸಲಿಗೆ ಆಗಿರಬೇಕು. ಸಂಜಿಮುಂದ ನೋಡೂಣು ತಗೋ.”

“ಸಂಜಿತನಕ ಯಾಕ? ಏಳ್ರಿ ಲಗೂ,” ಎಂದ ಅಫ್ರೀನ್ ಸ್ಕೂಟಿ ಹೊರಗೆ ತೆಗೆದಳು. ಹತ್ತೂವರೆಗೆ ಇಬ್ಬರೂ ರಾಣೇಬೆನ್ನೂರಿನ ಕಣ್ಣಿನ ಆಸ್ಪತ್ರೆಯಲ್ಲಿದ್ದರು.

ಡಾಕ್ಟರ್ ಶೀಲಾ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. “ಕಣ್ಣಿಗೆ ರಕ್ತ ಒಯ್ಯೂ ನಾಳದಾಗ ಹೆಪ್ಪು ಸಿಕ್ಕೇತ್ರಿ ಅಮ್ಮಾ. ಸಣ್ಣ ಸೂಜಿಲೆ ಕಣ್ಣಾಗಿನ ನೀರು ಒಂದೆರಡು ಹನಿ ತಗೀತೀನಿ. ಒತ್ತಡ ಇಳದ್ರ ಆ ಹೆಪ್ಪು ಮುಂದ ಸರೀಬಹುದು. ಖಾತ್ರಿ ಹೇಳಾಕಾಗೂದಿಲ್ಲ.”

“ಮಾಡ್ರಿ,” ಎಂದಳು ರಸೂಲಬಿ.

ಹನಿಮದ್ದು ಹಾಕಿ ಮಲಗಿಸಿದರು. “ಅಲುಗಬ್ಯಾಡ್ರಿ,” ಎಂದು ಡಾಕ್ಟರು ಹೇಳಿದ ಕೂಡಲೇ ಅವಳಿಗೆ ಹದಿನಾರರ ವಯಸ್ಸು ನೆನಪಾಯಿತು. ಹತ್ತಿ ಬೀಜದ ಹೊಲಕ್ಕೆ ಅವಳೂ ಓಣಿಯ ಫಕ್ಕೀರವ್ವನೂ ಕ್ರಾಸಿಂಗಿಗೆ, ಅಂದರೆ ಎರಡು ತಳಿ ಕೂಡಿಸುವ ಕೆಲಸಕ್ಕೆ, ಹೋಗುತ್ತಿದ್ದರು. ಸಂಜೆ ಅರಳದ ಮೊಗ್ಗಿನ ಪಕಳೆ ಬಿಡಿಸಿ, ನಡುವಿನ ಎಳೆಗೆ ಉಗುರು ತಾಗದಂತೆ ಸುತ್ತಲಿನ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಆ ಎಳೆಗೆ ಬೇರೆ ತಳಿಯ ಹೂವಿನ ಪುಡಿ ಸವರಬೇಕು. ಬೆರಳು ನಡುಗುವಂತಿಲ್ಲ. ಕೆಲಸ ಮುಗಿದರೆ ಇಬ್ಬರೂ ಹೊಳೆಗೆ ಓಡುತ್ತಿದ್ದರು. ಲಂಗ ಉಬ್ಬಿಸಿಕೊಂಡು ತೇಲುತ್ತ ಫಕ್ಕೀರವ್ವ ಮೇಷ್ಟ್ರ ದನಿಯಲ್ಲಿ ಮಗ್ಗಿ ಹೇಳುವಳು; ನಗುನಗುತ್ತ ರಸೂಲಬಿ ನೀರು ಕುಡಿಯುವಳು. ಆಮೇಲೆ ಫಕ್ಕೀರವ್ವನನ್ನು ಹಲಗೇರಿಗೆ ಕೊಟ್ಟರು. ಈಗ ಅವಳನ್ನು ಕಂಡು ಹನ್ನೊಂದು ವರ್ಷವಾಗಿತ್ತು.

“ಆತ್ರಿ,” ಎಂದರು ಡಾಕ್ಟರು. ಆಮೇಲೆ ಹೆಪ್ಪು ಸರಿಯಲೆಂದು ಬಹಳ ಹೊತ್ತು ರೆಪ್ಪೆಯ ಮೇಲಿಂದ ಕಣ್ಣನ್ನು ಒತ್ತಿ ಬಿಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಣ್ಣಂಚಿನಲ್ಲಿ ಮಸಕು ಬೆಳಕು ಬಂತು, ಅದರೊಳಗೆ ಅಫ್ರೀನಳ ಹಸಿರು ದುಪಟ್ಟಾ. ನಡುವಿನ ಕತ್ತಲು ಮಾತ್ರ ಸರಿಯಲಿಲ್ಲ.

“ಲಗೂ ಬಂದ್ರಿ, ಇಷ್ಟರ ಉಳೀತು,” ಎಂದರು ಡಾಕ್ಟರು. “ಇನ್ನೊಂದು ಕಣ್ಣು ಕಾಯ್ಕೋಬೇಕು. ಕುತ್ತಗಿ ನಾಳ, ಹೃದಯ ಎರಡೂ ಇವತ್ತ ತೋರಸ್ರಿ.” ಅಂದೇ ಹಾವೇರಿಗೆ ಹೋದರು. ಹೃದಯ ಸರಿಯಿತ್ತು, ಕುತ್ತಿಗೆಯ ನಾಳ ತುಸು ಕಿರಿದಾಗಿತ್ತು. ರಕ್ತ ಹೆಪ್ಪುಗಟ್ಟದಂತೆ ದಿನಾ ನುಂಗುವ ಗುಳಿಗೆಯನ್ನು ಅಲ್ಲಿನ ಡಾಕ್ಟರು ಬರೆದುಕೊಟ್ಟರು.

ತಿಂಗಳ ನಂತರ ರಸೂಲಬಿ ಸೊಸೆಗೆ, “ನನ್ನ ಹಲಗೇರಿಗೆ ಕರ್ಕೊಂಡು ಹೋಗು,” ಎಂದಳು. ಇಬ್ಬರೂ ಬಸ್ಸಿನಲ್ಲಿ ಹೋದರು.

ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಫಕ್ಕೀರವ್ವ ಗುರುತು ಹಿಡಿದು ಬುಟ್ಟಿ ಕೆಳಗಿಟ್ಟಳು. ರಸೂಲಬಿಯನ್ನು ಕೈ ಹಿಡಿದು ಕೂರಿಸಿ, ಅವಳ ಬಲಕ್ಕೆ ತಾನು ಕೂತಳು.

“ಆ ಕಡೆ ಬ್ಯಾಡಬೇ. ಅರ್ಧಾನ ಕಾಣ್ತಿ.”

“ಏನಾತ ರಸೂಲಿ?”

ರಸೂಲಬಿ ಎಲ್ಲ ಹೇಳಿದಳು. ಫಕ್ಕೀರವ್ವ ಎದ್ದು ಎಡಕ್ಕೆ ಬಂದು ಕೂತು, ಅವಳ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. “ನೋಡೀಗ. ಹಲ್ಲು ನಾಕು ಹೋಗ್ಯಾವ.”

ಇಬ್ಬರೂ ನಕ್ಕರು. ಊರಿಗೆ ಮರಳಲು ಹಿಡಿಯಬೇಕಿದ್ದ ಮೂರು ಗಂಟೆಯ ಬಸ್ಸು ಹೋಯಿತು. ಅಫ್ರೀನ್ ಏಳಿ ಎನ್ನಲಿಲ್ಲ.